ಗಾಜಿನ ತೂಕ ಕಳೆದು

ಪೆನ್ಷನ್ ಮೊಹಲ್ಲಾದ ಇದಾಯತ್ ಸಾಬರ ಗುಜರಿಯಲ್ಲಿ
ಗ್ರೈಂಡರು, ಕೂಲರಿನ ಹೊಟ್ಟೆ, ಕಾಲಿಲ್ಲದ ಕುರ್ಚಿಗಳ ಕೆಳಗೆ
ಮುಖ ಅಡಿ ಮಾಡಿ ಮಲಗಿತ್ತು.
ಹಿಡಿಕೆ ನೋಡಿಯೇ ಗೊತ್ತಾಯಿತು ನನಗೆ, ಆಸಿಲೋಸ್ಕೋಪು.
ಗೊತ್ತಾಗದವನ ಹಾಗೆ ಟೇಬಲ್ ಫ್ಯಾನಿನ ರೆಕ್ಕೆ ತಿರುಗಿಸಿದೆ,
ಇಸ್ತ್ರಿಪೆಟ್ಟಿಗೆಗೆ ಎಷ್ಟು ಎಂದೆ,
ಆಮೇಲೆ, ಅದೇನದು, ಹಳೇ ಟೀವಿಯಾ?

ಸಾಬರು ನಕ್ಕರು.
"ಡೇರಿಯೋರೇ, ಟೀವಿ ತಗೊಳ್ಳೋಕೆ ಬಂದೋರ
ಕೈ ನಡುಗಲ್ಲ."

ಯಾವುದೋ ಕಾಲೇಜು ಲ್ಯಾಬು ಖಾಲಿ ಮಾಡಿದಾಗ ಬಂದ ಲಾಟಂತೆ.
ತಕ್ಕಡಿಗೆ ಏರಿಸಿದರು. ಹನ್ನೊಂದು ಕಿಲೋ ಚಿಲ್ಲರೆ.
ಕಬ್ಬಿಣಕ್ಕೆ ಒಂದು ರೇಟು, ಒಳಗಿನ ತಾಮ್ರಕ್ಕೆ ಅಂದಾಜು,
"ಗಾಜಿಗೆ ಕಾಸಿಲ್ಲ, ಗಾಜಿನ ತೂಕ ಕಳೀತೀನಿ" ಅಂದರು
ಧರ್ಮಕ್ಕೆ ನಿಂತವರ ಹಾಗೆ.
ನಾನು ಕೊಳ್ಳುತ್ತಿದ್ದದ್ದೇ ಆ ಗಾಜನ್ನು.
ಅದೊಂದು ಬಿಟ್ಟಿ ಬಂತು.
ಉಳಿದದ್ದಕ್ಕೆ ಸಾವಿರದ ಒಂಬೈನೂರು.

ಗೋಣಿ ಸುತ್ತಿ, ಸೈಕಲ್ ಟ್ಯೂಬಿನಲ್ಲಿ ಮೊಪೆಡ್ಡಿಗೆ ಬಿಗಿದು,
ಸಾಲಗಾಮೆ ರಸ್ತೆಯ ಪ್ರತಿ ಹಂಪಿಗೂ ಇಳಿದು ತಳ್ಳಿಕೊಂಡೇ ಬಂದೆ,
ಬಾಣಂತಿಯನ್ನು ಕರೆತರುವವನ ಹಾಗೆ.

ಕಮಲಾಕ್ಷಿಗೆ ಐನೂರು ಎಂದೆ.
ಅವಳು ಏನೂ ಅನ್ನಲಿಲ್ಲ. ನಾನು ಹೇಳಿದ್ದನ್ನು
ನಾಲ್ಕರಿಂದ ಗುಣಿಸಿಕೊಳ್ಳುವುದು ಅವಳಿಗೆ ಅಭ್ಯಾಸ.
ಎರಡು ಸಾವಿರ ಬಂದಿರಬೇಕು ಲೆಕ್ಕ.
ನೂರು ರೂಪಾಯಿ ಹೆಚ್ಚಾಯಿತಲ್ಲ ಎಂದು
ನನಗೆ ಒಳಗೇ ಸಂಕಟ.

ರಾತ್ರಿ ಆಲೂರಿನ ತೀರ್ಥೇಶನ ಫೋನು.
ಹೋದ ತಿಂಗಳು ಅವನು ಸಿಗ್ನಲ್ ಜನರೇಟರು ತಂದ, ಅದಕ್ಕೂ ಮುಂಚೆ
ಮುಳ್ಳು ಅಂಟಿಕೊಂಡ ಮೂರು ಮೀಟರು.
ಯಾವುದಕ್ಕೂ ಇನ್ನೂ ಕೆಲಸ ಕೊಟ್ಟಿಲ್ಲ.
"ಟ್ಯೂಬು ಹತ್ತುತ್ತಾ?" ಅಂದ, ಬೇರೇನೂ ಕೇಳದೆ.
"ಇನ್ನೂ ಬಿಚ್ಚಿಲ್ಲ."
"ಕೆಪಾಸಿಟರ್ ಮುಟ್ಟಬೇಡ, ಆರಿಸಿದ ಮೇಲೂ ಕಚ್ಚುತ್ತೆ."
ಮೂವತ್ತು ವರ್ಷದಿಂದ ನನಗೆ ಇದನ್ನೇ ಹೇಳುತ್ತಿದ್ದಾನೆ.
ಕಚ್ಚಿಸಿಕೊಂಡದ್ದು, ಎರಡು ಸಲವೂ, ಅವನೇ.

ಮುಚ್ಚಳದೊಳಗೆ ಜೇಡನ ಒಣಗಿದ ಚೀಲ,
ಬೀಡಿ ಬಣ್ಣಕ್ಕೆ ತಿರುಗಿದ ಅಂಟುಪಟ್ಟಿಯಡಿ ಒಂದು ಚೀಟಿ,
ನೀಲಿ ಶಾಯಿ, ಗುಂಡು ಅಕ್ಷರ:
ಎರಡನೇ ಚಾನೆಲ್ ಎರಡು ಗೆರೆ ಹೆಚ್ಚು ಹೇಳುತ್ತದೆ.
ಕಳೆದುಕೊಳ್ಳಿ. ಬೈಯಬೇಡಿ. ಇಂತಿ, ಸೌ.

ತಾರೀಖಿಲ್ಲ. ಮೇಡಮ್ಮೋ, ಲ್ಯಾಬು ಗುಡಿಸುತ್ತಿದ್ದವಳೋ.
ಎಷ್ಟು ಬ್ಯಾಚಿನ ಹುಡುಗರು
ಇವಳ ಮಾತಿಗೆ ಎರಡೆರಡು ಗೆರೆ ಕಳೆದು
ರೆಕಾರ್ಡು ಬರೆದು ಪಾಸಾದರೋ.
ಬಾಯ್ಲರಿನ ಗೇಜು ನೋಡುತ್ತ ಪಾಳಿ ಕಳೆಯುವವನು ನಾನು,
ಅಲ್ಲಿ ಮುಳ್ಳು ಕೆಂಪು ದಾಟದಿದ್ದರೆ ಸಾಕು,
ಅದು ನಿಜ ಹೇಳುತ್ತಿದೆಯೇ ಎಂದು ಯಾರೂ ಚೀಟಿ ಅಂಟಿಸಿಲ್ಲ.

ಮೂರನೇ ರಾತ್ರಿ, ಒಂದು ಫ್ಯೂಸು, ಒಂದು ರೆಸಿಸ್ಟರು,
ಇಪ್ಪತ್ತೇಳು ರೂಪಾಯಿಯಲ್ಲಿ
ಹಸಿರು ಗೆರೆ ಎದ್ದಿತು.
ಅದು ಎದ್ದದ್ದೇ ಕಮಲಾಕ್ಷಿಯನ್ನೂ ಎಬ್ಬಿಸಿದೆ.

ತೋರಿಸಲು ಏನೂ ಇರಲಿಲ್ಲ. ನನ್ನ ಬೆರಳನ್ನೇ
ಪ್ರೋಬಿನ ತುದಿಗೆ ಒತ್ತಿದೆ.
ಗೋಡೆಯ ವೈರಿನದು, ಬೀದಿ ಕಂಬದ್ದು, ಪಕ್ಕದ ಮನೆಯ ಫ್ರಿಜ್ಜಿನದು,
ಊರ ಕರೆಂಟೆಲ್ಲ ನಮ್ಮ ಮೈ ಸವರಿಕೊಂಡೇ ಓಡಾಡುತ್ತಿರುತ್ತಲ್ಲ,
ಅದು ಅಲೆಯಾಗಿ ನಿಂತಿತು, ಸೆಕೆಂಡಿಗೆ ಐವತ್ತು.

"ನಾನೂ?" ಅಂದಳು. ಇಟ್ಟಳು.
ಅವಳದು ಗಿಡ್ಡ. ಮುಖ ಸಪ್ಪಗಾಯಿತು.
"ಬರಿಗಾಲು ಕಣೇ, ನೆಲಕ್ಕೆ ಇಳಿದುಹೋಗ್ತಿದೆ ನಿಂದು" ಅಂದೆ.

ನನ್ನ ಕಾಲಿನಿಂದಲೇ ಹವಾಯಿ ಚಪ್ಪಲಿ ಎಳೆದು ಮೆಟ್ಟಿ
ಇನ್ನೊಮ್ಮೆ ಇಟ್ಟಳು.
ಪರದೆಯ ನೆತ್ತಿ ಮುಟ್ಟಿತು ಅಲೆ, ನನ್ನದಕ್ಕಿಂತ ಎತ್ತರ.
ಬೆರಳು ತೆಗೆಯದೆ ನೋಡಿದಳು.
"ಹೂಂ. ಸಾವಿರದ ಒಂಬೈನೂರಕ್ಕೆ ಮೋಸ ಇಲ್ಲ."

ಪ್ರೋಬು ಎರಡನೇ ಚಾನೆಲ್ಲಿನಲ್ಲಿತ್ತು.
ಎರಡು ಗೆರೆ ಕಳೆಯಬೇಕಿತ್ತು.
ಕಳೆಯಲಿಲ್ಲ.