ಅದ್ರಾಗ ಅದ

ಬೀದರಿನ ಚೌಬಾರಾ ಹಿಂದಿನ ಓಣಿ, ನಮ್ಮ ಬಿದರಿ ಕಾರ್ಖಾನೆ.
ಪುಣೆಯಿಂದ ರಾತ್ರಿ ಗಾಡಿಗೆ ಬಂದ ಹನೋಖ್ ತಳ್ಕರ್,
ಎಂಬತ್ತರ ಮುದುಕ,
ಕರವಸ್ತ್ರದ ಗಂಟು ಬಿಚ್ಚಿ ನನ್ನ ಮಣೆಯ ಮೇಲಿಟ್ಟರು
ಒಂದು ಬೆಳ್ಳಿ ಬಟ್ಟಲಿನ ಹೆಣ.

ಮನೆ ಬದಲಿಸುವಾಗ ಟೆಂಪೋ ಗಾಲಿಗೆ ಸಿಕ್ಕಿತಂತೆ.
ಅಜ್ಜಿಯದು. ಶುಕ್ರವಾರ ದೀಪ ಹಚ್ಚಿದ ಮೇಲೆ
ಒಣದ್ರಾಕ್ಷಿ ಹಿಂಡಿದ ರಸ ಅದರಲ್ಲೇ.
"ಕರಗಿಸಿ ತಂತಿ ಎಳೀರಿ, ಕರಿ ಬಟ್ಟಲಿಗೆ ಕೂಡಿಸ್ರಿ.
ತುಣುಕು ಇನ್ನೂರ ಎಂಬತ್ತೆಂಟು ಇರಲಿ.
ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ."

ಗಿರಾಕಿಗಳ ಹುಚ್ಚು ನಮಗೇನು ಹೊಸದಲ್ಲ.
ಆದರೂ ಕೇಳಿದೆ.

ಅವರು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿತು:
ಮೊದಲಿಗೆ, ಈ ಜಗದ ಮೊದಲಿಗೂ ಮೊದಲು,
ಬೆಳಕು ಹಿಡಿಯಲೆಂದು ಮಾಡಿದ ಪಾತ್ರೆಗಳಿದ್ದವು.
ಒಂದೊಂದೂ ನಾನೇ ದೊರೆ ಅಂದಿತು,
ಪಕ್ಕದ್ದಕ್ಕೆ ಒಂದು ತೊಟ್ಟು ಹನಿಸಲಿಲ್ಲ.
ಸುರಿದದ್ದು ತಾಳದೆ ಸಿಡಿದವು.
ದೊರೆಯಾದ, ಸತ್ತ.
ದೊರೆಯಾದ, ಸತ್ತ.
ಏಳು ಸಲ.
ಚೂರುಗಳಿಗಂಟಿ ಕತ್ತಲಿಗೆ ಬಿದ್ದ ಕಿಡಿಗಳು
ಇನ್ನೂರ ಎಂಬತ್ತೆಂಟು. ಆ ಗೋಜಲಿನ ಹೆಸರು ತೋಹು.

ಇದಿಷ್ಟು ನನಗೂ ಗೊತ್ತಿತ್ತು, ಬೇರೆ ದಾರಿಯಿಂದ.
ಅಷ್ಟೂರಿನಲ್ಲಿ ದೊರೆಗಳು ಸಾಲಾಗಿ ಮಲಗಿದ್ದಾರೆ,
ಒಬ್ಬನ ಗುಮ್ಮಟ ಸಿಡಿಲಿಗೆ ಒಡೆದು
ಕಚ್ಚಿಟ್ಟ ಪೇರಲಹಣ್ಣಿನಂತೆ ಬಾಯಿ ತೆರೆದಿದೆ.
ಒಳಗೆ ಪಾರಿವಾಳ.

ಆದರೆ ಒಪ್ಪಲಿಲ್ಲ ನಾನು:
ಎಲ್ಲ ಬಲ್ಲ ಉಸ್ತಾದ, ಬಿರಿಯುವ ಪಾತ್ರೆ ಯಾಕ ಮಾಡಿದ?
ಮೂಲೆಯಿಂದ ಖೈರುಲ್ಲಾ ಚಾಚಾ ತಲೆಯೆತ್ತದೆ ಅಂದರು:
"ಅಚ್ಚು ಒಡೀದೆ ನಿನ್ನ ಬಟ್ಟಲು ಹೊರಗ ಬರ್ತದೇನು?"
ಮುದುಕರು ಅವರನ್ನೇ ನೋಡಿದರು, ಬಹಳ ಹೊತ್ತು.

ಆಮೇಲೆ ತಗ್ಗಿದ ದನಿಯಲ್ಲಿ:
ತೋಹು ತಲೆ ತಿರುಗಿಸ್ತದ. ಅದರ ಬೆನ್ನಿಗೇ ಇನ್ನೊಂದು ಶಬ್ದ, ಬೋಹು.
ನಮ್ಮ ಹಿರಿಯರು ಅದನ್ನ ಒಡೆದು ಓದ್ತಾರ: ಬೋ, ಹೂ.
ಹೂ? ಅಂದೆ. ಉಳಿ ಹಿಡಿದ ಕೈಗೆ ಬೇರೇನು ಕೇಳಿಸೀತು.
ಹೂವಲ್ಲವ್ವಾ. ಬೋ ಹೂ ಅಂದ್ರ,
ಅದ್ರಾಗ ಅದ.

ಹದಿನೆಂಟು ದಿನ ಕೊರೆದೆ. ಹೂವನ್ನೇ ಕೊರೆದೆ.

ಸತು, ತಾಮ್ರ ಬೆರೆತ ಮೈ ಬೂದು,
ಬಡಿದು ಕೂಡಿಸಿದ ಬೆಳ್ಳಿಯೂ ಬೂದು.
ಯಾವುದು ಯಾವುದೆಂದು ನನಗೇ ತಿಳಿಯದು ಒಮ್ಮೊಮ್ಮೆ.
ಆಗ ಬೇಕು ಕೋಟೆಯ ಮಣ್ಣು,
ನೂರಾರು ವರ್ಷ ಬಿಸಿಲು ಮಳೆ ಕಾಣದ ಗೋಡೆಬುಡದ್ದು.
ಚಾಚಾ ಚಿಟಿಕೆ ನಾಲಿಗೆಗಿಟ್ಟು ಕಣ್ಣು ಮುಚ್ಚುತ್ತಾರೆ:
ಇದಲ್ಲ. ಇದೂ ಅಲ್ಲ. ಹ್ಞಾ, ಇದು.
ನವಸಾಗರ ಕೂಡಿಸಿ ಕುದಿಸಿ
ಕಾದ ಬಟ್ಟಲಿಗೆ ಉಜ್ಜಿದರೆ
ಕರಿದಾಗುವುದೆಲ್ಲ ಕರಿದಾಗಿ
ಬೆಳ್ಳಿ ಒಂದನ್ನು ಮಣ್ಣು ಮುಟ್ಟದೆ ಬಿಡುತ್ತದೆ.
ಅದಕ್ಕೆ ಹೇಗೆ ಗೊತ್ತೋ.

ಕಡೆಯ ತುಣುಕು, ಜೀರಿಗೆಯಷ್ಟು,
ಸುತ್ತಿಗೆ ತಾಗಿ ಹಾರಿ ಹೋಗಿತ್ತು.
ಕಸ ಗುಡಿಸಿದೆ, ಜರಡಿ ಹಿಡಿದೆ, ಒಲೆಯ ಬೂದಿ ತೊಳೆದೆ.
ಬೇರೆ ಬೆಳ್ಳಿ ಕತ್ತರಿಸಿ ಹಾಕು, ಯಾರು ಎಣಿಸ್ತಾರ, ಅಂದ ಪಕ್ಕದ ಮಣೆಯವ.
ಅವರು ಎಣಿಸುವವರು.

ಎಣಿಸಿದರು, ತೋರುಬೆರಳಿನಿಂದ, ಎರಡು ಸಲ.
ಖಾಲಿ ತಗ್ಗಿಗೆ ಬಂದಾಗ ಉಗುರು ನಿಂತಿತು.
ಬೈಯುತ್ತಾರೆಂದು ಕಾದೆ.
"ಇಂಥಾದ್ದೊಂದು ಇರಲೇಬೇಕಿತ್ತು" ಅಂದು
ಪೂರ್ತಿ ಹಣ ಕೊಟ್ಟು, ರಸೀದಿ ಬೇಡವೆಂದು
ಸ್ಟೇಶನ್ನಿಗೆ ಆಟೋ ಹತ್ತಿದರು.

ಆ ರಾತ್ರಿ ಎಣ್ಣೆ ಹಚ್ಚಲು ಜಡೆ ಬಿಚ್ಚಿದೆ.
ನೆಲ ಟಿಣ್ ಅಂದಿತು.

ಅಂಚೆಗೆ ಹಾಕಬಹುದು. ವಿಳಾಸ ಇದೆ.
ಸಾಸಿವೆ ಡಬ್ಬಿಯಲ್ಲಿಟ್ಟಿದ್ದೇನೆ.
ಒಗ್ಗರಣೆಗೆ ಕೈ ಹಾಕಿದಾಗಲೆಲ್ಲ
ಕರಿ ಕಾಳುಗಳ ನಡುವೆ ತಡಕುತ್ತೇನೆ,
ಅದ್ರಾಗ ಅದ ಏನು,
ಅದ.