ಉದ್ರಿ ನಾಳೆ

ಸಾವೊ ಪಾವ್ಲೊದ ತೆಂಕಣ ತುದಿ, ಗ್ರಾಜಾವು.
ಕೊನೆಯ ಬಸ್ಸು ನಿಟ್ಟುಸಿರು ಬಿಟ್ಟು ನಿಲ್ಲುವ ಕಡೆ
ನನ್ನ ಅಂಗಡಿ. ಮೊಳೆ, ನಲ್ಲಿ, ಸುಣ್ಣ, ಬಣ್ಣ.
ಗಲ್ಲಾದ ಮೇಲೊಂದು ತಗಡಿನ ಬೋರ್ಡು:
ಇವತ್ತು ನಗದು, ಉದ್ರಿ ನಾಳೆ.

ರೋಸಿಲೇನೆಗೆ ಆಗ ಹದಿಮೂರು.
ಬೋರ್ಡನ್ನು ಎರಡು ಸಲ ಓದಿದಳು, ಹೋದಳು.
ಮರುದಿನ ಶಟರು ಏರುವ ಮೊದಲೇ ಬಂದು ನಿಂತು
"ನಾಳೆ ಆಯಿತಲ್ಲ ಯಜಮಾನರೇ, ಕೊಡಿ" ಅಂದಳು.
ಅಂಥ ಮಾತಿಗೆ ಕೊಡದೆ ಇರುವುದು ಹೇಗೆ?
ಲೆಕ್ಕದ ಪುಸ್ತಕ, ಪುಟ ನಲವತ್ತೊಂದು:
ಸ್ಪ್ರೇ, ನೀಲಿ, ಒಂದು ಡಬ್ಬಿ.

ಅವಳಮ್ಮ ಜೋವೆಲೀನಾ
ಪರಾಯಿಬಾದಿಂದ ಮೂರು ಹಗಲು ಬಸ್ಸಲ್ಲಿ ಬಂದವಳು,
ಯಾರದೋ ಮದುವೆಗಳಿಗೆ ಲೇಸು ಹೊಲಿಯುವವಳು.
ತಿಂಗಳ ಇಪ್ಪತ್ತಕ್ಕೆ ಗ್ಯಾಸ್ ಮುಗಿದರೆ
ಮಿಕ್ಕ ಹತ್ತು ದಿನ ಹಲಗೆ ಚೂರಿನ ಒಲೆ, ಹೊಗೆ, ಕೆಮ್ಮು.
ಗ್ಯಾಸಿನ ಲಾರಿ ಮಾತ್ರ ದಿನಾ ಹಾದುಹೋಗುತ್ತಿತ್ತು
ಅದೇ ಪಿಯಾನೊ ರಾಗ ನುಡಿಸುತ್ತ, ನಿಲ್ಲದೆ.

ಹುಡುಗಿ ಹಿತ್ತಲ ಗೋಡೆಗೆ ಬರೆದದ್ದು ಅದನ್ನೇ:
ಆಳೆತ್ತರದ ನೀಲಿ ಸಿಲಿಂಡರು,
ಅದಕ್ಕೆ ಕಣ್ರೆಪ್ಪೆ, ಕೆಂಪು ತುಟಿ, ಸೊಂಟದ ಮೇಲೆ ಕೈ,
ಬಂದೆ ನೋಡಿ ಎನ್ನುವ ಠೀವಿ.
ಅಮ್ಮ ನಕ್ಕು ನಕ್ಕು ಕೆಮ್ಮಿ
"ಬಾರಮ್ಮ, ಕಾಳು ಬೇಯಿಸು" ಎಂದು ಗೋಡೆಗೆ ಹೇಳಿದಳಂತೆ.

ಆಮೇಲೆ ಊರೆಲ್ಲ ಅವಳೇ.
ಮೇಲ್ಸೇತುವೆಯ ಕಂಬ, ಮುಚ್ಚಿದ ಟೈರು ಕಾರ್ಖಾನೆ,
ಜಲಾಶಯದ ಪಂಪುಮನೆ.
ಸಿಲಿಂಡರು ಬಸುರಿ, ಸಿಲಿಂಡರು ಮದುಮಗಳು,
ಬಸ್ಸಿಗೆ ಕಾದು ಆಕಳಿಸುವ ಸಿಲಿಂಡರು.
ಕೆಳಗೆ ಸಹಿ: ಹೆಸರಲ್ಲ, ಒಂದು ಬೆಂಕಿಕಡ್ಡಿ.

ಒಮ್ಮೆ ಪೊಲೀಸರು ಹಿಡಿದು, ಅವಳದೇ ಡಬ್ಬಿಯಿಂದ
ಅವಳ ಕೂದಲಿಗೆ ಬೆಳ್ಳಿಬಣ್ಣ ಹೊಡೆದರು.
ತಲೆ ಬೋಳಿಸಿಕೊಂಡು ಅಂಗಡಿಗೆ ಬಂದಳು.
ಥಿನ್ನರ್, ಅರ್ಧ ಲೀಟರು. ಅದೂ ಉದ್ರಿ.

ಜೊತೆಗಾರ ಎದ್ಮಿಲ್ಸನ್ ಏಳನೆಯ ಮಹಡಿಯ ಅಂಚಿಂದ ಬಿದ್ದ.
ಪುಟ ನಲವತ್ತೆರಡು: ಕಪ್ಪು, ಒಂದು. ರೋಲರಿನ ಕೋಲು, ಒಂದು.
ಆ ಸಾಲನ್ನು ನಾನು ಹೊಡೆದುಹಾಕಿಲ್ಲ.

ಮೂವತ್ತಕ್ಕೆ ಗ್ಯಾಲರಿ. ರಾಟರ್‌ಡ್ಯಾಮಿನಲ್ಲಿ ಒಂದಿಡೀ ಗೋದಾಮು.
ಟೀ ಶರ್ಟು, ಕೀಲಿಗೊಂಚಲು, ಚಪ್ಪಲಿಯ ಪಟ್ಟಿ.
ಕಡೆಗೆ ಗ್ಯಾಸ್ ಕಂಪನಿಯೇ ಬಂತು, ಆ ತುಟಿ ಕೊಳ್ಳಲು.
ಅಮ್ಮನಿಗೆ ಎಷ್ಟು ವರ್ಷ ಪುಕ್ಕಟೆ ಗ್ಯಾಸ್ ಕೊಡುತ್ತೀರಿ ಎಂದಳಂತೆ.
ಅಮ್ಮ ತೀರಿಕೊಂಡು ಆಗಲೇ ನಾಲ್ಕು ವರ್ಷ.
ಅವರು ಲೆಕ್ಕ ಹಾಕತೊಡಗಿದರು.

ಮಾರಿಕೊಂಡಳು ಅಂದರು ಕೆಲವರು.
ಮಾರುವವನು ನಾನು, ನನಗೆ ಗೊತ್ತು:
ಮಾರದೆ ಉಳಿದ ಬಣ್ಣ ಡಬ್ಬಿಯೊಳಗೇ ಕಲ್ಲಾಗುತ್ತದೆ.

ಇದನ್ನೂ ಹೇಳಿಬಿಡುತ್ತೇನೆ.
ಒಂದು ಜನವರಿ, ಊರು ಚೊಕ್ಕಟವಾಗಬೇಕು ಎನಿಸಿತು ನಗರಸಭೆಗೆ.
ಗುತ್ತಿಗೆದಾರ ಲಾರಿ ತಂದ. ಬೂದುಬಣ್ಣ, ನೂರಿಪ್ಪತ್ತು ಡಬ್ಬಿ.
ನಗದು. ಬೆರಳಿಗೆ ಉಗುಳು ಹಚ್ಚಿ ಎಣಿಸಿಕೊಂಡೆ.
ಬೆಳಗಾಗುವುದರೊಳಗೆ ಹೆದ್ದಾರಿಯುದ್ದಕ್ಕೂ
ಮದುಮಗಳು, ಬಸುರಿ, ಆಕಳಿಸುವವಳು, ಎಲ್ಲ ಬೂದು.
ಮೊದಲ ಮಳೆಗೆ ಒಂದು ಕಡೆ
ತುಟಿ ಮಾತ್ರ ಮೆಲ್ಲಗೆ ಮೇಲೆದ್ದಿತು.
ನಾನು ನೀರು ಬೆರೆಸಿದ್ದೆ ಅಂತಲ್ಲ.
ಮಾಲು ಸುಮಾರು, ಅಷ್ಟೆ.

ಕಳೆದ ವರ್ಷ ಬಂದಳು. ನರೆಗೂದಲು, ಮಂಡಿಗೆ ಪಟ್ಟಿ.
ಪುಟ ನಲವತ್ತೊಂದು ತೆಗೆಸಿ ಓದಿಸಿದಳು.
ಬೂದಿನ ವಿಷಯ ನಾನೇ ಹೇಳಿದೆ.
ಸುಮ್ಮನಿದ್ದಳು. "ಎಷ್ಟು ಸಿಕ್ಕಿತು?"
ಹೇಳಿದೆ.
"ಕಡಿಮೆಗೆ ಕೊಟ್ಟಿರಿ."
ಹಣ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆ ರಾತ್ರಿ ನನ್ನ ಶಟರಿಗೆ ಬರೆದು ಹೋಗಿದ್ದಳು.
ಸಿಲಿಂಡರಲ್ಲ, ನಾನು: ಕನ್ನಡಕ, ಹೊಟ್ಟೆ, ಎರಡು ಗಲ್ಲ,
ಅಡಿಯಿಂದ ಮುಡಿಯವರೆಗೂ ಬೂದು.
ಕಿವಿಗೆ ಸಿಕ್ಕಿಸಿದ ಪೆನ್ಸಿಲು ಮಾತ್ರ ನೀಲಿ.

ಮೊನ್ನೆ ಕೋಟು ಹಾಕಿದವನೊಬ್ಬ ಬಂದು ಶಟರು ಅಳೆದ,
ಇಡೀ ಬೀದಿ ಕೊಳ್ಳುವಷ್ಟು ಹಣ ಹೇಳಿದ.
ಬೋರ್ಡು ತೋರಿಸಿ, ನಾಳೆ ಬನ್ನಿ ಅಂದೆ.
ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡ.

ದಿನಾ ಬೆಳಿಗ್ಗೆ ಏಳಕ್ಕೆ
ನನ್ನನ್ನೇ ಸುರುಳಿ ಸುತ್ತಿ ಮೇಲಕ್ಕೆತ್ತುತ್ತೇನೆ.
ಕಿವಿಯ ಹತ್ತಿರ ಒಂದು ಪಟ್ಟಿ ಬಾಗಿದೆ,
ಅಲ್ಲಿ ಕಿರ್ರೆಂದು ಸಿಕ್ಕಿಕೊಳ್ಳುತ್ತದೆ.
ಎಣ್ಣೆ ಬಿಡಬೇಕು.
ಅಂಗಡಿಯಲ್ಲೇ ಇದೆ ಎಣ್ಣೆ.