ಸದರಿ ದಿನ

ಮೊದಲ ಪುಟ ಹೇಳುತ್ತದೆ: ಮಾರ್ಚ್ ಮಾಹೆ ಇಪ್ಪತ್ತೆಂಟು.
ಛಾಪಾ ಕಾಗದ ಹುಟ್ಟಿದ್ದು ಇಪ್ಪತ್ತೊಂಬತ್ತಕ್ಕೆ.
ಅಂದರೆ ಕಾಗದ ಹುಟ್ಟುವ ಮುನ್ನಾದಿನವೇ
ಅದರ ಮೇಲೆ ಬರೆದಾಗಿತ್ತು.
ಇವತ್ತು ಮೂವತ್ತೊಂದು. ಸಂಜೆ ಐದೂಹತ್ತು.
ಶಿವಮೊಗ್ಗದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಪಕ್ಕ
ಒಂದೂವರೆ ಮೇಜಿನಷ್ಟು ನನ್ನ ಆಫೀಸು.
ಗೋಡೆಗೆ ಮೂರು ಕ್ಯಾಲೆಂಡರು, ಮೂರೂ ಪುಕ್ಕಟೆ ಬಂದವು,
ಒಂದರಲ್ಲಿ ಇನ್ನೂ ಫೆಬ್ರವರಿ.

"ಇಪ್ಪತ್ತೆಂಟೇ ಒತ್ಬಿಡಿ ಮೇಡಂ, ಸೀಲಿಗೇನು,"
ಅನ್ನುತ್ತಾನೆ ಫೈನಾನ್ಸ್ ಕಂಪನಿಯ ತೇಜಮೂರ್ತಿ.
ಹೆಲ್ಮೆಟ್ಟು ಇನ್ನೂ ಮೊಣಕೈಯಲ್ಲಿ ನೇತಾಡುತ್ತಿದೆ.
"ಇಯರೆಂಡು. ಟಾರ್ಗೆಟ್ಟು. ಮೂರೇ ದಿನ ಹಿಂದೆ."
ಮೂರೇ ಎನ್ನುವಾಗ ಅವನು ತೋರಿಸಿದ ಬೆರಳು ಎರಡು.

ಸಾಲ ಪಡೆಯುವವರು ಲೀನಾ ರೆಬೆಲ್ಲೊ,
ವಿನೋಬನಗರದಲ್ಲಿ ಬೇಕರಿ,
ಹೊಸ ಓವನ್ನಿಗೆ ಆರು ಲಕ್ಷ.
ಮೈದಾ ಹತ್ತಿದ ಮುಂಗೈಯಿಂದ ಕನ್ನಡಕ ಏರಿಸಿಕೊಂಡು
ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಿದ್ದಾರೆ.

ಸೀಲಿಗೇನು. ನಿಜ.
ತಾರೀಖಿನ ಮೊಹರಿನ ರಬ್ಬರು ಪಟ್ಟಿ
ಹಿಂದಕ್ಕೂ ತಿರುಗುತ್ತದೆ, ಮುಂದಕ್ಕೂ;
ಅಂಗಡಿಯವನು ಅದಕ್ಕೆ ತಡೆಯಿಟ್ಟು ಮಾರುವುದಿಲ್ಲ.
ನಾನೂ ತಿರುಗಿಸಿದ್ದೆ, ಹತ್ತೊಂಬತ್ತು ವರ್ಷದ ಹಿಂದೆ, ಒಮ್ಮೆ.
ಪರಿಚಯದವರು, ಬಹಳ ಬೇಡಿಕೊಂಡರು.
ಹನ್ನೊಂದು ದಿನ ಹಿಂದಕ್ಕೆ.
ನಾಲ್ಕು ವರ್ಷದ ಮೇಲೆ ಕಟಕಟೆಯಲ್ಲಿ ನಿಲ್ಲಿಸಿ
ಎದುರು ಪಕ್ಷದ ವಕೀಲರು ಮೆಲ್ಲಗೆ ಕೇಳಿದರು:
"ಸದರಿ ದಿನ ಪಾರ್ಟಿ ನಿಮ್ಮ ಸಮಕ್ಷಮ ಹಾಜರಿದ್ದರೇ?"
"ಇದ್ದರು."
"ತಾವು ಎಲ್ಲಿ ಹಾಜರಿದ್ದಿರಿ?"
ಕಡತದಿಂದ ಹೊರಬಂತು ಒಂದು ದೃಢೀಕೃತ ನಕಲು,
ನನ್ನ ಮಗಳ ಜನನ ಪತ್ರ.

ಸದರಿ ದಿನ ನಾನು ಮೆಗ್ಗಾನ್ ಆಸ್ಪತ್ರೆಯಲ್ಲಿ
ಕಬ್ಬಿಣದ ಮಂಚದ ಸರಳು ಹಿಡಿದು ಕೂಗುತ್ತಿದ್ದೆ.
ನನ್ನ ಸಮಕ್ಷಮ ಹಾಜರಾದವಳು
ಅವಳೊಬ್ಬಳೇ.

ಪ್ರತಿ ವರ್ಷ ಅವಳು ಮೇಣದಬತ್ತಿ ಊದುವಾಗ
ಚಪ್ಪಾಳೆ ತಟ್ಟುತ್ತೇನೆ, ಒಂದು ಗಳಿಗೆ ತಡವಾಗಿ.
ಇನ್ನೂ ಹೇಳಿಲ್ಲ.

ಹಾಗಾಗಿ ತೇಜಮೂರ್ತಿ, ಕೂತ್ಕೋ.
ವೈಟ್ನರ್ ಜೇಬಿಗೆ ಹಾಕು.
ತಪ್ಪಿನ ಮೇಲೆ ಒಂದೇ ಗೆರೆ, ಅಡಿಯಲ್ಲಿರುವುದು ಓದಲು ಬರಬೇಕು.
ಸರಿಯಾದದ್ದು ಮೇಲೆ. ಪಕ್ಕದಲ್ಲಿ ಎರಡೂ ಕಡೆಯವರ ಸಹಿ.
ನಿನ್ನದಲ್ಲಪ್ಪ, ಅಧಿಕಾರ ಇರುವವರದ್ದು; ಫೋನು ಮಾಡು.
ಛಾಪಾ ಕಾಗದದ ಇಪ್ಪತ್ತೊಂಬತ್ತು ಹಾಗೇ ಇರಲಿ,
ಅದು ಕೊಂಡ ದಿನ, ಅದಕ್ಕೆ ಸುಳ್ಳು ಬರುವುದಿಲ್ಲ.
ನನ್ನ ರಿಜಿಸ್ಟರಿನಲ್ಲಿ ನಾನೂರ ಹನ್ನೊಂದರ ಕೆಳಗೆ
ನಾನೂರ ಹನ್ನೆರಡು. ನಡುವೆ ಇರುವೆಗೂ ಜಾಗವಿಲ್ಲ.

ಅವನು ಹೊರಗೆ ನಿಂತು ಸಾರ್ ಸಾರ್ ಅನ್ನುತ್ತಿರುವಾಗ
ಲೀನಾ ತಲೆಯೆತ್ತಿದರು:
"ಬಡ್ಡಿ ಯಾವತ್ತಿಂದ ಶುರು?"
ಆರನೇ ಕಲಮಿನ ಮೇಲೆ ಬೆರಳಿಟ್ಟೆ.
ಪತ್ರದ ತಾರೀಖಿನಿಂದ.
ದುಡ್ಡು? ಇನ್ನೂ ಬಂದಿಲ್ಲ.
ಜೆರಾಕ್ಸಿನ ಹಾಳು ಹಾಳೆಯ ಬೆನ್ನಿನಲ್ಲಿ
ಲೆಕ್ಕ ಹಾಕಿದರು, ಹದಿನಾಲ್ಕು ಪರ್ಸೆಂಟಿಗೆ ಮೂರು ದಿನ:
ಆರುನೂರ ತೊಂಬತ್ತು ರೂಪಾಯಿ.
ಗೆರೆಯೆಳೆದು ಕೆಳಗೆ ಬರೆದರು: ಬನ್ನು, ಅರವತ್ತೊಂಬತ್ತು.
ಆಮೇಲೆ ಸುಮ್ಮನೆ ಬಾಗಿಲ ಕಡೆ ನೋಡಿದರು,
ಯಾರೋ ಅಷ್ಟನ್ನೂ ತಿಂದು
ಕೈ ಒರೆಸಿಕೊಂಡು ಈಗಷ್ಟೇ ಎದ್ದುಹೋದ ಹಾಗೆ.

ಆರೂಕಾಲಿಗೆ ಮ್ಯಾನೇಜರು ಬಂದರು,
ಸಿಟ್ಟಿನಲ್ಲಿ, ಸ್ವಂತ ಪೆನ್ನಿನೊಂದಿಗೆ.
ಆರನೇ ಕಲಮಿಗೂ ಬಿತ್ತು ಒಂದು ಗೆರೆ, ಮೇಲೆ ಕೈಬರಹ:
ಹಣ ಸಂದಾಯವಾದ ದಿನದಿಂದ.
ಲೀನಾ ಸಹಿ ಮಾಡಿದಲ್ಲಿ ಚೂರು ಮೈದಾ ಉಳಿಯಿತು.
ಊದಿದೆ, ಹೋಗಲಿಲ್ಲ.
ಬೆಳಿಗ್ಗೆಯೇ ಉಗುರಿನಿಂದ ತಿರುಗಿಸಿಟ್ಟಿದ್ದ ಮೂವತ್ತೊಂದನ್ನು
ಒತ್ತಿದೆ.

ಎಲ್ಲರೂ ಹೋದ ಮೇಲೆ ಸ್ಟೂಲು ಹತ್ತಿ
ಆ ಫೆಬ್ರವರಿಯನ್ನು ಹರಿದೆ.
ಅಡಿಯಲ್ಲಿ ಹೊಚ್ಚ ಹೊಸ ಮಾರ್ಚು,
ಒಂದು ದಿನವೂ ಮುಟ್ಟಿಸಿಕೊಳ್ಳದ್ದು.
ಇನ್ನು ಐದು ಗಂಟೆ ಅದಕ್ಕೆ. ಇರಲಿ ಅಂತ ಬಿಟ್ಟೆ.